ಲೋಹ ಕರಗುವುದಿಲ್ಲ, ಕಾಯುತ್ತದೆ

ಮಾನ್ಯ ಸಂಪಾದಕರೇ,

ತಮ್ಮ ವಿಜ್ಞಾನ ಪುಟದಲ್ಲಿ ಲೋಹಕ್ಕೆ ಪ್ಲಾಸ್ಟಿಕ್ಕನ್ನು ಕೂಡಿಸುವ ಲೇಸರ್ ಬೆಸುಗೆಯ ಕುರಿತು ಬಂದ ಬರಹವನ್ನು ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಸಂತೋಷದಿಂದಲೇ ಓದಿ ಹೇಳಿದೆ. ಆದರೆ ಲೋಹವೂ ಪ್ಲಾಸ್ಟಿಕ್ಕೂ ಕರಗಿ ಬೆರೆತು ಒಂದಾಗುತ್ತವೆ ಎಂಬ ಮಾತನ್ನು ತಿದ್ದಬೇಕಾಯಿತು. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸೆಲ್ಸಿಯಸ್ ಬೇಕು. ನೈಲಾನ್-6 ಎಂಬ ಪ್ಲಾಸ್ಟಿಕ್ ಸುಮಾರು 220 ಡಿಗ್ರಿಗೇ ಕರಗುತ್ತದೆ, ಬಿಸಿ 350 ಡಿಗ್ರಿಯನ್ನೂ ಮೀರಿ ಏರುತ್ತ ಹೋದರೆ ಒಡೆದು ಅನಿಲವಾಗುತ್ತದೆ. ಲೋಹ ಕರಗುವವರೆಗೆ ಕಾಯಿಸಿದರೆ ಜೋಡಿಸಲು ಪ್ಲಾಸ್ಟಿಕ್ಕೇ ಉಳಿಯದು.

ನಮ್ಮ ಅಡಿಕೆ ತೋಟಗಳಿಗೆ ನೀರೊಯ್ಯುವ ಕಪ್ಪು ಪೈಪುಗಳ ತುದಿಗಳನ್ನು ಕಾದ ತಟ್ಟೆಗೆ ಒತ್ತಿ, ಮೆದುವಾದೊಡನೆ ತಟ್ಟೆಯನ್ನು ಸರಿಸಿ ಕೂಡಿಸುವುದನ್ನು ಮಕ್ಕಳು ಕಂಡಿದ್ದಾರೆ. ಲೇಸರ್ ಜೋಡಣೆಯಲ್ಲಿ ಲೋಹವೇ ಆ ತಟ್ಟೆ, ಅದನ್ನು ಸರಿಸುವುದಿಲ್ಲ ಅಷ್ಟೇ: ಲೇಸರಿನಿಂದ ಕಾದ ಲೋಹಕ್ಕೆ ತಾಗಿದ ಪ್ಲಾಸ್ಟಿಕ್ಕಿನ ತೆಳು ಪದರ ಕರಗಿ, ಲೋಹದ ಮೈಯ ಸೂಕ್ಷ್ಮ ಗೀರುಗಳೊಳಗೆ ಇಳಿದು ಗಟ್ಟಿಯಾಗುತ್ತದೆ. ಅಲ್ಲಿ ಹುಟ್ಟುವ ಸಣ್ಣ ಗುಳ್ಳೆಗಳ ಒತ್ತಡ ಆ ದ್ರವವನ್ನು ಗೀರುಗಳಿಗೆ ನೂಕಲು ನೆರವಾಗುತ್ತದೆ. ಗುಳ್ಳೆ ಹೆಚ್ಚಾದರೆ ಬೆಸುಗೆಯೇ ಪೊಳ್ಳು.

ಶಾಖದ ನಡೆ ಲೋಹದಿಂದ ಲೋಹಕ್ಕೆ ಬೇರೆ ಎಂಬುದು ಬರಹದಲ್ಲಿ ಬರಲೇ ಇಲ್ಲ, ನನ್ನ ಮಟ್ಟಿಗೆ ವಿಷಯದ ತಿರುಳೇ ಅದು. ಶುದ್ಧ ಅಲ್ಯೂಮಿನಿಯಂ ಶಾಖವನ್ನು ನೈಲಾನಿಗಿಂತ ಸುಮಾರು ಸಾವಿರ ಪಟ್ಟು ಸುಲಭವಾಗಿ ಸಾಗಿಸುವುದರಿಂದ ಲೇಸರ್ ಬಿದ್ದ ಜಾಗದ ಬಿಸಿ ಬೇಗನೆ ಸುತ್ತಲೂ ಹರಡುತ್ತದೆ. ಸ್ಟೇನ್‌ಲೆಸ್ ಸ್ಟೀಲು ಅಲ್ಯೂಮಿನಿಯಂನ ಹತ್ತನೆಯ ಒಂದು ಪಾಲಿನಷ್ಟೂ ಸಾಗಿಸದ ಕಾರಣ ಬಿಸಿ ಕಿರಣದ ಕೆಳಗೇ ನಿಂತು, ಪ್ಲಾಸ್ಟಿಕ್ಕಿನ ನಡುಭಾಗ ಸುಟ್ಟರೂ ಅಂಚು ಕರಗದೆ ಉಳಿಯಬಹುದು. ಒಂದಕ್ಕೆ ಹೊಂದಿದ ಲೇಸರ್ ಶಕ್ತಿಯೂ ವೇಗವೂ ಇನ್ನೊಂದಕ್ಕೆ ಹೊಂದದಿರುವುದು ಇದರಿಂದ.

ತಣಿಯುವಾಗಲೂ ತೊಡಕಿದೆ. 10 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ 200 ಡಿಗ್ರಿಯಷ್ಟು ತಣಿದರೆ ಅರ್ಧ ಮಿಲಿಮೀಟರಿನಷ್ಟು ಕುಗ್ಗುತ್ತದೆ. ಅಷ್ಟೇ ಉದ್ದದ ನೈಲಾನ್ ಒಂದೂವರೆ ಮಿಲಿಮೀಟರ್ ದಾಟುತ್ತದೆ. ಕೂಡಿಕೊಂಡ ಮೇಲೆ ಈ ಎಳೆದಾಟವೆಲ್ಲ ಬೆಸುಗೆಯ ಒಳಗೆ ಉಳಿಯುತ್ತದೆ, ಮೊದಲ ದಿನ ಗಟ್ಟಿಯಾಗಿ ಕಂಡದ್ದು ಮುಂದೊಮ್ಮೆ ಬಿಟ್ಟುಕೊಳ್ಳಲೂಬಹುದು.

ಗಡಿನಾಡಿನ ನಮ್ಮ ಮಕ್ಕಳಿಗೆ ಇಂಥ ವಿಷಯ ಕನ್ನಡದಲ್ಲಿ ಸಿಗುವುದು ತಮ್ಮಂಥ ಪತ್ರಿಕೆಗಳಿಂದಲೇ. ಆದಕಾರಣ ಲೇಸರ್ ಬಿದ್ದ ಕ್ಷಣದಿಂದ ತಣಿಯುವವರೆಗೆ ಲೋಹ ಮತ್ತು ಪ್ಲಾಸ್ಟಿಕ್ ಕೂಡುವಲ್ಲಿ ಬಿಸಿ ಹೇಗೆ ಏರಿ ಇಳಿಯುತ್ತದೆಂಬುದನ್ನು ಒಂದು ನಕ್ಷೆಯೊಡನೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

— ಓರ್ವ ಭೌತವಿಜ್ಞಾನ ಶಿಕ್ಷಕ, ಬದಿಯಡ್ಕ, ಕಾಸರಗೋಡು