ರಕ್ತ ಕಂಡರೆ ಶಿಳ್ಳೆ ಯಾಕೆ?

ಸಂಪಾದಕರೇ,

ನಾನು ವಾಸ್ಕೊದಲ್ಲಿರುವ ಕನ್ನಡಿಗ. ಸಿನಿಮಾ, ಫುಟ್‌ಬಾಲ್ ಎರಡೂ ಅಂದ್ರೆ ಪ್ರಾಣ. ಹೊಡೆದಾಟದ ಸಿನಿಮಾನೇ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಈಚೆಗೆ ಫೈಟ್ ಅಂದರೆ ಬರೀ ಕೊಚ್ಚುವುದು ಅಂತಾಗಿದೆ. ಮಚ್ಚು ಬೀಸುವುದನ್ನು ಸ್ಲೋ ಮೋಷನ್‌ನಲ್ಲಿ ತೋರಿಸುತ್ತಾರೆ, ರಕ್ತ ಕ್ಯಾಮೆರಾ ಮೇಲೇ ಚಿಮ್ಮುತ್ತದೆ, ಥಿಯೇಟರ್ ತುಂಬ ಶಿಳ್ಳೆ. ಸತ್ತವನ ಮನೆ ಕಡೆ ಮಾತ್ರ ಕ್ಯಾಮೆರಾ ತಿರುಗುವುದೇ ಇಲ್ಲ. ನನಗೆ ಬೇಸರ ಅದೇ.

ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಕೊಡುವ ಯುಎ ಸರ್ಟಿಫಿಕೇಟ್‌ನಲ್ಲಿ ಈಗ 7, 13, 16 ವರ್ಷ ಅಂತ ಮೂರು ಹಂತ ಮಾಡಿದ್ದಾರೆ. ಒಳ್ಳೆಯದೇ. ಆದರೆ ಅದು ಅಪ್ಪ ಅಮ್ಮನಿಗೆ ಸೂಚನೆ ಅಷ್ಟೇ. ದೊಡ್ಡವರಿಗೆ ಮಾತ್ರ ಇರುವ ‘ಎ’ ಸಿನಿಮಾಕ್ಕೂ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಬಂದವರನ್ನು ನೋಡಿದ್ದೇನೆ.

2006ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ನಾಯಕ ಜಿದಾನ್ ಎದುರಾಳಿಯ ಎದೆಗೆ ತಲೆಯಿಂದ ಗುದ್ದಿದರು. ಅಂಥ ಆಟಗಾರನಿಗೂ ರೆಡ್ ಕಾರ್ಡ್ ಬಿತ್ತು, ಅದೂ ಅವರ ಆಟದ ಬದುಕಿನ ಕೊನೆಯ ಪಂದ್ಯದಲ್ಲಿ. ಪರದೆಯ ಹೀರೊಗೆ ಅಂಥ ಶಿಕ್ಷೆ ಇಲ್ಲವೇ ಇಲ್ಲ, ಅಲ್ವಾ?

ಗೋವಾದಲ್ಲಿ ಹೀರೊಗಳಿಗೆ ಬರವೇ? ಬ್ರಹ್ಮಾನಂದ ಶಂಖವಾಳ್ಕರ್ ಭಾರತ ಫುಟ್‌ಬಾಲ್ ತಂಡದ ಗೋಲ್ ಕಾಯ್ದವರು, ನಾಯಕರೂ ಆಗಿದ್ದವರು. ಬ್ರೂನೊ ಕುಟಿನ್ಹೊ ಗೋಲ್ ಹೊಡೆಯುವುದರಲ್ಲಿ ಹೆಸರಾದವರು. ಇಬ್ಬರೂ ಗೋವಾದ ಸಾಲ್ಗಾಂವ್ಕರ್ ಕ್ಲಬ್‌ಗೆ ಆಡಿದರು, ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂತು. ಬೈನಾ, ಝುವಾರಿನಗರದ ನಮ್ಮ ಕನ್ನಡದ ಮಕ್ಕಳಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಇಲ್ಲಿನ ಕನ್ನಡ ಸಂಘಗಳು ಈ ಸಲದ ರಾಜ್ಯೋತ್ಸವಕ್ಕೆ ಇಂಥ ಆಟಗಾರರನ್ನು ವೇದಿಕೆಗೆ ಕರೆಯಲಿ. ಸುಮ್ನೆ ಹಾರ ಹಾಕಿ ಕಳಿಸುವುದು ಬೇಡ, ಮಕ್ಕಳ ಜೊತೆ ಮಾತಾಡಿಸಲಿ.

— ಒಬ್ಬ ಓದುಗ, ಬೈನಾ, ವಾಸ್ಕೊ (ಗೋವಾ)