ಜಾಹೀರಾತಿಗೂ ಮೊದಲೇ ಕೈಬದಲಾಗುವ ಬಂಗಲೆಗಳು

ಮಾನ್ಯರೇ,

ಸದಾಶಿವನಗರ, ಇಂದಿರಾನಗರದ ಹಳೆಯ ಬಂಗಲೆಗಳು ಎಷ್ಟೋ ಸಲ ಜಾಹೀರಾತಿಗೆ ಮೊದಲೇ ಮಾರಾಟವಾಗುತ್ತವೆ. ಸುಳಿವು ಸಿಗುವುದು ಬಡಾವಣೆಯ ದಲ್ಲಾಳಿ, ನಿವಾಸಿಗಳ ಸಂಘ, ಆಸ್ತಿ ವಕೀಲರಿಂದ. ಅಪಾಯವಿರುವುದೂ ಈ ಗುಟ್ಟಿನಲ್ಲೇ. ರಾಜ್ಯದ ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ತೆಗೆದ ಋಣಭಾರ ಪತ್ರ ನೋಂದಾಯಿತ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ನೋಂದಣಿಯಾಗದ ಕರಾರು, ಅಣ್ಣತಮ್ಮಂದಿರ ಪಾಲಿನ ದಾವೆ ಕಾಣದೇ ಹೋಗಬಹುದು. ಮುಂಗಡಕ್ಕೆ ಮೊದಲು ವಂಶವೃಕ್ಷ, ಇ-ಖಾತಾ, ಮೂಲ ಕ್ರಯಪತ್ರ ನೋಡಿ. ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಕೇಳಿ. ಪತ್ರಿಕೆಯಲ್ಲಿ ಆಕ್ಷೇಪಣೆ ಆಹ್ವಾನಿಸುವ ಪ್ರಕಟಣೆಯನ್ನೂ ಕೊಡಿಸಿ. ‘ಸುದ್ದಿಯಾಗುತ್ತದೆ, ಬೇಡ’ ಎನ್ನುವ ಮಾರಾಟಗಾರನ ಸಹವಾಸ ಬಿಡುವುದೇ ಲೇಸು. ಹೊಸ ಅಪಾರ್ಟ್‌ಮೆಂಟ್‌ಗಳ ‘ಪ್ರೀ-ಲಾಂಚ್’ ಬೇರೆಯೇ ಕಥೆ: ನೋಂದಣಿ ಕಡ್ಡಾಯವಿರುವ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸಂಖ್ಯೆ ಸಿಗುವ ಮುನ್ನ ಬುಕಿಂಗ್ ಪಡೆಯುವುದನ್ನು 2016ರ ರೇರಾ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸುತ್ತದೆ.

– ಇಬ್ಬರು ಆಸ್ತಿ ವಕೀಲರು, ಬೆಂಗಳೂರು