ನವಮಿಯ ಕಲ್ಯಾಣಕ್ಕೆ ನೀನು ಹೆಣ್ಣಿನ ಕಡೆಯವಳು

ಕೊತ್ತಗೂಡೆಂ,
ಫಾಲ್ಗುಣ ಮಾಸ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಅನೇಕ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ದೊಡ್ಡಪ್ಪನೂ ಕ್ಷೇಮ. ಅಲ್ಲಿ ನೀನು, ಅಳಿಯಂದಿರು, ನಿನ್ನ ಅತ್ತೆ ಮಾವ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ರಾಮನವಮಿಗೆ ನಿಮ್ಮೂರಿನ ರಾಮಾಲಯದಲ್ಲಿ ಸೀತಾರಾಮರ ಕಲ್ಯಾಣಕ್ಕೆ ನಿಮ್ಮಿಬ್ಬರನ್ನೇ ಪೀಟೆಯ, ಅಂದರೆ ಮಣೆಯ, ಮೇಲೆ ಕೂರಿಸುತ್ತಾರಂತೆ, ನಿನ್ನಮ್ಮ ಹೇಳಿದಳು. ಕೇಳಿ ಹೊಟ್ಟೆ ತುಂಬಿತು. ಜೊತೆಗೆ ನಿನ್ನ ಗೊಂದಲವನ್ನೂ ಹೇಳಿದಳು. ಹುಟ್ಟಿದ ದಿನ ಮದುವೆ ಮಾಡುವುದು ಎಲ್ಲಿಯ ಪದ್ಧತಿ, ನನಗೆ ಮಂತ್ರವೂ ಬರೋದಿಲ್ಲ, ತೆಲುಗೂ ಅಷ್ಟಕ್ಕಷ್ಟೇ, ಸುಮ್ಮನೆ ಪೂಜೆಗೆ ಕೂತು ಎದ್ದು ಬಂದರೆ ಸಾಕಾ ಅಂತ ಕೇಳಿದೆಯಂತೆ. ಸಾಲದು ಪುಟ್ಟಿ. ಯಾಕೆ ಅಂತ ಸಾವಕಾಶವಾಗಿ ಹೇಳಬೇಕೆಂದೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ.

ನಮ್ಮ ಮೈಸೂರು ಸೀಮೆಯಲ್ಲಿ ನವಮಿ ಎಂದರೆ ಪಾನಕ, ಕೋಸಂಬರಿ, ನೀರುಮಜ್ಜಿಗೆ, ಸಂಜೆಗೆ ಚಪ್ಪರದ ಕೆಳಗೆ ಸಂಗೀತ. ಕೆಲವು ಮನೆಗಳಲ್ಲಿ ರಾಮನನ್ನು ತೊಟ್ಟಿಲಿಗೆ ಹಾಕಿ ಜೋಗುಳ ಹಾಡುತ್ತಾರೆ. ತೆಲುಗು ನಾಡಿನಲ್ಲಿ ಪಾನಕ ಉಂಟು, ಹಾಡೂ ಉಂಟು, ಆದರೆ ಹಬ್ಬದ ಜೀವ ಇರುವುದು ಕಲ್ಯಾಣದಲ್ಲಿ. ವಾಲ್ಮೀಕಿಗಳು ರಾಮ ಹುಟ್ಟಿದ್ದು ಚೈತ್ರ ನವಮಿ, ಪುನರ್ವಸು ನಕ್ಷತ್ರ, ಕರ್ಕಾಟಕ ಲಗ್ನ ಎಂದಿದ್ದಾರೆ. ಮದುವೆ ಆದದ್ದು ಉತ್ತರಾ ಫಲ್ಗುನಿಯಲ್ಲಿ. ಉತ್ತರದ ಕಡೆ ಮಾರ್ಗಶಿರ ಶುದ್ಧ ಪಂಚಮಿಯಂದು ವಿವಾಹ ಪಂಚಮಿ ಮಾಡುತ್ತಾರೆ. ಇಲ್ಲಿಯವರಿಗೆ ಇದೆಲ್ಲ ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದೂ ಹುಟ್ಟಿದ ದಿನವೇ ಮದುವೆ ಮಾಡಿ, ಮರುದಿನ ದಶಮಿಗೆ ಪಟ್ಟಾಭಿಷೇಕವನ್ನೂ ಮುಗಿಸುತ್ತಾರೆ. ದೇವರ ಅವತಾರದ ದಿನವೇ ಲೋಕಕಲ್ಯಾಣಕ್ಕೆ ಮುಹೂರ್ತ ಎಂದು ಇಲ್ಲಿಯ ಹಿರಿಯರ ಮಾತು. ನನಗೆ ಅರ್ಥವಾದದ್ದನ್ನು ಹೇಳಲಾ? ನವಮಿಯಂದು ಹುಟ್ಟಿದವನು ದಶರಥನ ಮಗ. ಜನ ಎದೆಗೆ ಹಚ್ಚಿಕೊಂಡದ್ದು ಸೀತಾರಾಮನನ್ನು. ಆಕೆ ಪಕ್ಕಕ್ಕೆ ಬಂದು ಕೂರುವ ತನಕ ಇವರಿಗೆ ಅವನ ಹುಟ್ಟುಹಬ್ಬ ಪೂರ್ತಿಯಾಗುವುದಿಲ್ಲ.

ಇನ್ನೊಂದು ವಿಷಯ ಇದೆ, ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಅದೇ. ಕೂಸಿನ ತೊಟ್ಟಿಲು ನೋಡಲು ಹೋದವರು ನೋಡಿ, ಉಡುಗೊರೆ ಕೊಟ್ಟು ಬರಬಹುದು. ಮದುವೆಗೆ ಹಾಗಲ್ಲ. ಮದುವೆ ಎಂದರೆ ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಎರಡು ಪಕ್ಷ ಆಗಲೇಬೇಕು, ಬಂದವರೆಲ್ಲ ಯಾವುದಾದರೂ ಒಂದು ಕಡೆಗೆ ಸೇರಲೇಬೇಕು, ಸೇರಿದ ಮೇಲೆ ಕೈಗೆ ಒಂದು ಕೆಲಸ ಬೀಳಲೇಬೇಕು. ಈ ನಾಡು ರಾಮನ ಹುಟ್ಟನ್ನು ಆಚರಿಸುವುದು ಅವನಿಗೆ ಬೀಗರಾಗಿ. ಗೋದಾವರಿ ದಡದ ರಾಮಕ್ಷೇತ್ರ ಭದ್ರಾಚಲದಲ್ಲಿ ಅಷ್ಟಮಿಯ ಸಂಜೆ ಎದುರುಕೋಲು ಉತ್ಸವ ನಡೆಯುತ್ತದೆ. ಅರ್ಚಕರು ಎರಡು ಗುಂಪಾಗಿ ನಿಲ್ಲುತ್ತಾರೆ. ಒಬ್ಬರು ನಮ್ಮ ರಾಮ ಎಂಥವನು ಎಂದು ಹೊಗಳಿದರೆ, ಇನ್ನೊಬ್ಬರು ನಮ್ಮ ಸೀತಮ್ಮನ ಮುಂದೆ ಅದೇನು ಮಹಾ ಎಂದು ಎದುರಾಡುತ್ತಾರೆ. ಕೇಳುವ ಜನವೂ ಎರಡು ಪಾಲಾಗಿ ಹೋ ಎನ್ನುತ್ತಾರೆ. ನಾನು ಪ್ರತಿ ಸಲ ಸೀತೆಯ ಕಡೆ ನಿಲ್ಲುವವಳು. ನೀನೂ ಹಾಗೇ ನಿಲ್ಲು. ಪುಟ್ಟಿ, ಅವಳೂ ತನ್ನ ಊರು ಬಿಟ್ಟು ಇನ್ನೊಂದು ಊರಿನ ಮನೆತನಕ್ಕೆ ಬಂದವಳಲ್ಲವೆ? ಹೊಸ ಊರಿನಲ್ಲಿ ನನ್ನವರು ಯಾರಿದ್ದಾರೆ ಎಂದು ನಿನಗೆ ಅನಿಸಿದ್ದರೆ, ಆ ದಿನ ನೀನು ಅವಳ ತವರಿನವಳು ಎಂದುಕೊಂಡು ಕೂತುಕೋ.

ಸಂಕಲ್ಪ ಆದ ಮೇಲೆ ಪುರೋಹಿತರು ಪ್ರವರ ಹೇಳುತ್ತಾರೆ. ಆಗ ಮಾತ್ರ ಕಿವಿ ಅತ್ತಿತ್ತ ಹೋಗಕೂಡದು. ನಾಭಾಗನ ಮರಿಮಗ, ಅಜನ ಮೊಮ್ಮಗ, ದಶರಥನ ಮಗ ಎಂದು ವರನ ಕಡೆಯದ್ದು. ಸ್ವರ್ಣರೋಮನ ಮರಿಮಗಳು, ಹ್ರಸ್ವರೋಮನ ಮೊಮ್ಮಗಳು, ಜನಕನ ಮಗಳು ಎಂದು ವಧುವಿನದು. ನಿನ್ನ ಮದುವೆಯಲ್ಲಿ ನಿನ್ನ ತಾತ, ಮುತ್ತಾತನ ಹೆಸರು ಹೇಳಿದ್ದರಲ್ಲ, ಹಾಗೇ. ಮೂರು ತಲೆಮಾರು ಕೇಳಿಕೊಂಡ ಮೇಲೆಯೇ ಹೆಣ್ಣು ಕೊಡುವುದು, ದೇವರಾದರೂ ಅಷ್ಟೆ. ನನಗೆ ಇಡೀ ಕಲ್ಯಾಣದಲ್ಲಿ ಈ ಜಾಗ ಬಂದಾಗ ಮೈ ಜುಮ್ಮೆನ್ನುತ್ತದೆ.

ಈಗ ನಿನ್ನ ಕೈಗೊಂದು ಕೆಲಸ. ತಲಂಬ್ರಾಲು ಎಂದರೆ ವಧೂವರರು ಒಬ್ಬರ ತಲೆಯ ಮೇಲೊಬ್ಬರು ಸುರಿಯುವ ಅಕ್ಷತೆ. ಅದಕ್ಕೆ ಅಂಗಡಿಯ ಅಕ್ಕಿ ತರಬೇಡಿ. ನಿಮ್ಮ ಗೋದಾವರಿ ಸೀಮೆಯಲ್ಲೇ, ರಾಜಮಹೇಂದ್ರವರದ ಹತ್ತಿರ ಕೋರುಕೊಂಡದಲ್ಲಿ, ಭಕ್ತರು ಈ ಕಲ್ಯಾಣಕ್ಕೆಂದೇ ಬತ್ತ ಬೆಳೆಯುತ್ತಾರೆ. ಕೊಯ್ಲಿನ ದಿನ ಹನುಮಂತ, ಜಾಂಬವಂತರ ವೇಷ ಹಾಕಿಕೊಂಡು ಗದ್ದೆಗೆ ಇಳಿಯುವುದುಂಟು. ಆ ಬತ್ತವನ್ನು ಊರೂರಿಗೆ ಹಂಚಿ, ಮಿಲ್ಲಿಗೆ ಹಾಕದೆ, ಒರಳಿಗೂ ಹಾಕದೆ, ಬರೀ ಉಗುರಿನಿಂದ ಒಂದೊಂದೇ ಕಾಳು ಸುಲಿಯುತ್ತಾರೆ. ಗೋಟಿ ತಲಂಬ್ರಾಲು ಎನ್ನುತ್ತಾರೆ. ಹಾಗೆ ಸುಲಿದ ಅಕ್ಕಿ ಭದ್ರಾಚಲಕ್ಕೂ ಕಡಪದ ಕಡೆಯ ಒಂಟಿಮಿಟ್ಟಕ್ಕೂ ಹೋಗುತ್ತದೆ. ನೀನು ನಿಮ್ಮ ರಾಮಾಲಯಕ್ಕೆ ಒಂದು ಬೊಗಸೆಯಷ್ಟಾದರೂ ಸುಲಿ. ಬತ್ತ ಚೆನ್ನಾಗಿ ಒಣಗಿರಬೇಕು. ಎಡಗೈಯ ಎರಡು ಬೆರಳಲ್ಲಿ ಕಾಳು ಹಿಡಿದು, ತುದಿಗೆ ಬಲಗೈ ಹೆಬ್ಬೆರಳ ಉಗುರು ಕೊಟ್ಟು ಮೆಲ್ಲಗೆ ಒತ್ತಿದರೆ ಸಿಪ್ಪೆ ಬಾಯಿ ಬಿಡುತ್ತದೆ. ಅವಸರ ಮಾಡಿದೆಯೋ, ಕಾಳು ಮುರಿಯುತ್ತದೆ. ಮುರಿದದ್ದು ಅಕ್ಷತೆಗೆ ಬರುವುದಿಲ್ಲ, ಬೇರೆ ತಟ್ಟೆಗೆ ಹಾಕು, ನೈವೇದ್ಯದ ಚಲಿಮಿಡಿಗೆ, ಅಂದರೆ ತಂಬಿಟ್ಟಿಗೆ, ಆಗುತ್ತದೆ. ಸ್ವಲ್ಪ ಹೊತ್ತಿಗೇ ಉಗುರಿನ ಸಂದು ಉರಿಯುತ್ತದೆ, ಬತ್ತದ ಮುಳ್ಳು ಚುಚ್ಚುತ್ತದೆ. ಒಬ್ಬಳೇ ಕೂರಬೇಡ. ಅತ್ತೆಯವರನ್ನು, ಓರಗಿತ್ತಿಯನ್ನು, ಪಕ್ಕದ ಮನೆಯ ಹೆಂಗಸರನ್ನು ಕರೆದು ನಡುವೆ ಮೊರ ಇಟ್ಟುಕೊಂಡು ಕೂತುಕೋ. ತೆಲುಗು ಅಷ್ಟಕ್ಕಷ್ಟೇ ಎಂದೆಯಲ್ಲ, ಆ ಮೊರದ ಸುತ್ತ ಕೂತರೆ ಯಾವ ಪುಸ್ತಕವೂ ಬೇಡ.

ಅಕ್ಕಿಗೆ ಅರಿಶಿನ, ತುಪ್ಪದ ಜೊತೆಗೆ ಕೆಂಪು ಗುಲಾಲು ಬೆರೆಸಿದರೆ ಬೆಚ್ಚಬೇಡ. ಭದ್ರಾಚಲದ ತಲಂಬ್ರಾಲಿಗೆ ಆ ಬಣ್ಣವೇ ಗುರುತು. ಅದರ ಹಿಂದಿನ ಕಥೆ ನಮ್ಮ ಪಕ್ಕದ ಪಾಲ್ವಂಚದ್ದು. ಜನ ರಾಮದಾಸ ಎಂದು ಕರೆಯುವ ನೇಲಕೊಂಡಪಲ್ಲಿಯ ಕಂಚರ್ಲ ಗೋಪನ್ನ ಆ ಪರಗಣೆಗೆ ತಹಶೀಲ್ದಾರನಾಗಿದ್ದವನು. 1672ರಲ್ಲಿ ಗೋಲ್ಕೊಂಡದ ಪಟ್ಟಕ್ಕೆ ಬಂದ ಅಬುಲ್ ಹಸನ್ ತಾನಾಷಾನ ಕಾಲ ಅದು. ಗೋಪನ್ನನ ಸೋದರಮಾವಂದಿರಾದ ಅಕ್ಕನ್ನ, ಮಾದನ್ನರೇ ಅಲ್ಲಿ ಅಧಿಕಾರದಲ್ಲಿದ್ದರು. ಸರ್ಕಾರದ ಹಣದಲ್ಲಿ ಭದ್ರಾಚಲದ ಗುಡಿ ಕಟ್ಟಿಸಿ, ಒಡವೆ ಮಾಡಿಸಿದನೆಂದು ಅವನನ್ನು ಗೋಲ್ಕೊಂಡದ ಸೆರೆಗೆ ಹಾಕಿದರು. ಹನ್ನೆರಡು ವರ್ಷ ಅಲ್ಲಿದ್ದನೆಂದೂ, ಕೊನೆಗೆ ರಾಮಲಕ್ಷ್ಮಣರೇ ಬಂದು ಆರು ಲಕ್ಷ ಕಟ್ಟಿ ಬಿಡಿಸಿದರೆಂದೂ ಇಲ್ಲಿ ಮಕ್ಕಳೂ ಹೇಳುತ್ತವೆ. ಸೆರೆಯಲ್ಲಿ ಅವನು ಹಾಡಿದ ಒಂದು ಕೀರ್ತನೆಯಲ್ಲಿ ಸೀತಮ್ಮನಿಗೆ ಮಾಡಿಸಿದ ಪದಕಕ್ಕೆ ಇಷ್ಟು, ಲಕ್ಷ್ಮಣನ ಒಡವೆಗೆ ಇಷ್ಟು ಎಂದು ಲೆಕ್ಕ ಒಪ್ಪಿಸಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಮಗಳ ಮದುವೆಗೆ ಸಾಲ ಮಾಡಿದ ತಂದೆಯ ದನಿ ಅದು. ಅದಕ್ಕೇ ಭದ್ರಾಚಲದಲ್ಲಿ ಸೀತಮ್ಮನ ಕೊರಳಿಗೆ ಮೂರು ಮಾಂಗಲ್ಯ: ದಶರಥನ ಕಡೆಯದೊಂದು, ಜನಕನ ಕಡೆಯದೊಂದು, ಮೂರನೆಯದು ರಾಮದಾಸನದು. ತಾನಾಷಾ ಮನಸ್ಸು ತಿರುಗಿ ಕಲ್ಯಾಣಕ್ಕೆ ಮುತ್ತು, ಗುಲಾಲು ಕಳಿಸಿದನಂತೆ. ಮುಂದೆ ನಿಜಾಮರೂ ಮುತ್ತು ಕಳಿಸುವುದನ್ನು ನಡೆಸಿಕೊಂಡು ಬಂದರು. ಈಗ ತೆಲಂಗಾಣ ಸರ್ಕಾರದ ಕಡೆಯಿಂದ ಪಟ್ಟೆವಸ್ತ್ರ, ಮುತ್ತಿನ ತಲಂಬ್ರಾಲು ತಲೆಯ ಮೇಲೆ ಹೊತ್ತು ತರುತ್ತಾರೆ. ನವಾಬನಾಗಲಿ ಸರ್ಕಾರವಾಗಲಿ, ಮದುವೆಮನೆಗೆ ಬರಿಗೈಲಿ ಬರುವಂತಿಲ್ಲ.

ಇದಕ್ಕೂ ಹಿಂದೆ ದಮ್ಮಕ್ಕ ಇದ್ದಳು. ಬುಡಕಟ್ಟಿನ ಹೆಂಗಸು. ಹುತ್ತದಲ್ಲಿದ್ದ ರಾಮನನ್ನು ಮೊದಲು ಕಂಡವಳು ಅವಳೇ ಎಂದು ಸ್ಥಳದ ಕಥೆ. ಗೋದಾವರಿಯ ನೀರು ತಂದು ಹುತ್ತ ಕರಗಿಸಿ, ತಾಟಿಹಣ್ಣನ್ನು, ಅಂದರೆ ತಾಳೆಹಣ್ಣನ್ನು, ನೈವೇದ್ಯ ಮಾಡಿದಳು. ಗುಡಿಯಿಲ್ಲ, ಪುರೋಹಿತರಿಲ್ಲ, ಕಾಡಿನ ಹಣ್ಣೇ ಮೊದಲ ಎಡೆ. ಪಾನಕ ಹಂಚುವಾಗ ಇವಳನ್ನು ನೆನೆಸಿಕೋ. ಚಪ್ಪರದ ಹೊರಗೆ ನಿಂತವರು, ಗದ್ದೆ ಕೆಲಸಕ್ಕೆ ಬಂದವರು, ದಾರಿಯಲ್ಲಿ ಹೋಗುವ ಆಟೋದವರು, ಯಾರಾದರೂ ಸರಿ, ಯಾವ ಕೇರಿ ಯಾವ ಜಾತಿ ಎಂದು ಕೇಳದೆ ಕೈಗೆ ಲೋಟ ಕೊಡು. ಎತ್ತಿ ಹೊಯ್ಯುವುದು, ಬೇರೆ ಲೋಟ ಇಡುವುದು ಏನಾದರೂ ಕಂಡರೆ ಜಗಳಕ್ಕೆ ಹೋಗಬೇಡ, ಆದರೆ ನೀನು ಮಾತ್ರ ಹಾಗೆ ಮಾಡಬೇಡ. ಪೀಟೆಯ ಮೇಲೆ ಕೂತು ಎದ್ದ ಹೊಸ ಸೊಸೆ ಒಬ್ಬರ ಕೈಗೆ ಲೋಟ ಕೊಟ್ಟರೆ ಊರೇ ನೋಡುತ್ತದೆ. ಇದನ್ನು ನಾನು ಆಜ್ಞೆ ಎಂದೇ ಬರೆಯುತ್ತಿದ್ದೇನೆ.

ಅಡುಗೆ ಮನೆಯದ್ದು ಜಾಸ್ತಿ ಇಲ್ಲ. ಪಾನಕಕ್ಕೆ ಒಂದು ಬಟ್ಟಲು ಬೆಲ್ಲಕ್ಕೆ ನಾಲ್ಕು ಬಟ್ಟಲು ನೀರು, ಬೆಲ್ಲ ಕರಗಿದ ಮೇಲೆ ಸೋಸುವುದು ಮರೆಯಬೇಡ, ಕಸ ಇರುತ್ತದೆ. ಮೆಣಸು, ಏಲಕ್ಕಿ ಆಗಷ್ಟೇ ಕುಟ್ಟಿ ಹಾಕು, ಚೂರು ಶುಂಠಿ. ಗಂಟಲಿಗೆ ಮೆಣಸು ತಾಕಬೇಕು. ಅಲ್ಲಿಯ ಚೈತ್ರದ ಬಿಸಿಲಿಗೆ ಬರೀ ಸಿಹಿನೀರು ಸಾಕಾಗುವುದಿಲ್ಲ. ವಡಪಪ್ಪು ಎಂದರೆ ನೆನೆಸಿದ ಹೆಸರುಬೇಳೆ, ನಮ್ಮ ಕೋಸಂಬರಿಗೆ ಹತ್ತಿರ, ಆದರೆ ಒಗ್ಗರಣೆ ಇಲ್ಲ. ಚಲಿಮಿಡಿ ನಮ್ಮ ಹಸಿ ತಂಬಿಟ್ಟೇ: ನೆನೆದ ಅಕ್ಕಿಯ ತೇವದ ಹಿಟ್ಟಿಗೆ ಬೆಲ್ಲ ಕೂಡಿಸಿ ಕಲಸುವುದು. ಇವನ್ನು ಅವರ ಕ್ರಮದಲ್ಲೇ ಮಾಡು. ಎಲ್ಲ ಮುಗಿದ ಮೇಲೆ, ಅತ್ತೆಯವರನ್ನು ಕೇಳಿ, ಒಗ್ಗರಣೆ ಹಾಕಿದ ಸೌತೆಕಾಯಿ ಕೋಸಂಬರಿಯನ್ನೂ ಒಂದು ಪಾತ್ರೆ ಮಾಡಿಡು. ಹೆಣ್ಣಿನ ಕಡೆಯಿಂದ ಏನೂ ತರದೆ ಇರುವುದುಂಟೆ? ಅದೊಂದು ಬಿಟ್ಟರೆ “ನಮ್ಮಲ್ಲಿ ಹೀಗಲ್ಲ” ಎಂಬ ಮಾತು ಆ ದಿನ ನಿನ್ನ ಬಾಯಲ್ಲಿ ಬರಬಾರದು.

ಮುಹೂರ್ತ ಅಭಿಜಿತ್ತಿಗೆ, ನಡುಮಧ್ಯಾಹ್ನ. ಅಲ್ಲಿಯವರೆಗೆ ಇಬ್ಬರೂ ಉಪವಾಸ. ರೇಷ್ಮೆ ಬೇಡ, ಹತ್ತಿ ಸೀರೆ ಉಡು. ತಾಳೆಗರಿಯ ಚಪ್ಪರ ಎಷ್ಟೇ ತಂಪಿದ್ದರೂ ಹೋಮದ ಹೊಗೆ, ಜನ, ಬಿಸಿಲು ಸೇರಿ ತಲೆ ತಿರುಗುತ್ತದೆ. ನಿನಗೆ ಹಸಿವು ತಡೆಯುವುದಿಲ್ಲ ಎಂದು ನನಗೆ ಗೊತ್ತು, ಬೆಳಿಗ್ಗೆ ಹಾಲು ಕುಡಿದುಕೋ, ತಪ್ಪಿಲ್ಲ. ಜೀರಿಗೆ ಬೆಲ್ಲ ಶಿರಸ್ಸಿನ ಮೇಲಿಡುವ ಗಳಿಗೆಯೇ ಇವರಿಗೆ ಮುಹೂರ್ತ. ಆಮೇಲೆ ಮಾಂಗಲ್ಯ, ಆಮೇಲೆ ತಲಂಬ್ರಾಲು. ಜೀರಿಗೆ ಬೆಲ್ಲದಿಂದ ತಲಂಬ್ರಾಲು ಮುಗಿಯುವ ತನಕ ಮೊಬೈಲು ಯಾರ ಹತ್ತಿರವಾದರೂ ಕೊಟ್ಟಿರು. ಫೋಟೋ ತೆಗೆಯಲು ಊರಲ್ಲಿ ಬೇಕಾದಷ್ಟು ಹುಡುಗರಿದ್ದಾರೆ.

ಕಡಪದಲ್ಲಿರುವ ನಿನ್ನ ನಾದಿನಿ ಒಂಟಿಮಿಟ್ಟಕ್ಕೆ ಕರೆದರೆ ಅದಕ್ಕೂ ಹೋಗು. ರಾಜ್ಯ ಎರಡಾದ ಮೇಲೆ, 2015ರಿಂದ ಆಂಧ್ರ ಸರ್ಕಾರದ ಕಲ್ಯಾಣ ಅಲ್ಲಿಯ ಕೋದಂಡರಾಮಾಲಯದಲ್ಲಿ. ಅಲ್ಲಿ ಮದುವೆ ಹಗಲಲ್ಲ, ಹುಣ್ಣಿಮೆಯ ಹೊತ್ತಿನ ರಾತ್ರಿ, ಬೆಳದಿಂಗಳಲ್ಲಿ. ಹಗಲು ಮದುವೆಯಾದರೆ ತನಗೆ ನೋಡಲು ಸಿಗುವುದಿಲ್ಲ ಎಂದು ಚಂದ್ರ ಬೇಡಿಕೊಂಡಿದ್ದನಂತೆ. ಗರ್ಭಗುಡಿಯಲ್ಲಿ ಒಂದೇ ಕಲ್ಲಿನಲ್ಲಿ ಮೂವರಿದ್ದಾರೆ, ಹನುಮಂತ ಇಲ್ಲ. ಅವನು ಇನ್ನೂ ಸಿಗದ ಕಾಲದ ರಾಮ ಎನ್ನುತ್ತಾರೆ.

ನವಮಿಯ ದಿನವೇ ಭದ್ರಾಚಲಕ್ಕೆ ಬರುವ ಯೋಚನೆ ಬೇಡ, ನಿಮ್ಮೂರಿನ ಕಲ್ಯಾಣ ನಿಮಗೆ ದೊಡ್ಡದು. ಹುಣ್ಣಿಮೆ ಕಳೆದು ನೂಕುನುಗ್ಗಲು ಇಳಿದ ಮೇಲೆ ಅತ್ತೆ ಮಾವನನ್ನೂ ಕರೆದುಕೊಂಡು ಎಲ್ಲರೂ ಬನ್ನಿ. ನಮ್ಮ ಮನೆಯಲ್ಲಿ ಇಳಿದುಕೊಂಡು ಬೆಳಗಿನ ಜಾವ ಹೊರಟರೆ ಗೋದಾವರಿಯಲ್ಲಿ ಸ್ನಾನ ಮಾಡಿ ದರ್ಶನಕ್ಕೆ ಹೋಗಬಹುದು. ಎಡತೊಡೆಯ ಮೇಲೆ ಸೀತಮ್ಮನನ್ನು ಕೂರಿಸಿಕೊಂಡು, ನಾಲ್ಕು ಕೈಯ ರಾಮ ಇರುವ ಗುಡಿ ಅದು. ಮಾವನವರಿಗೆ ಮೆಟ್ಟಿಲು ಹತ್ತಲು ಕಷ್ಟವೇ ಎಂದು ಮೊದಲೇ ತಿಳಿಸು, ನಿನ್ನ ದೊಡ್ಡಪ್ಪ ಬೇರೆ ಏರ್ಪಾಡು ಮಾಡುತ್ತಾರೆ. ಬತ್ತ ಸುಲಿಯಲು ಯುಗಾದಿಯ ಮರುದಿನವೇ ಶುರು ಮಾಡು, ಅಷ್ಟಮಿಗೆ ಇಟ್ಟುಕೊಂಡರೆ ಬೊಗಸೆ ತುಂಬುವುದಿಲ್ಲ. ಅತ್ತೆ ಮಾವನಿಗೆ ನಮ್ಮ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ.

ಇಂತಿ,
ನಿನ್ನ ದೊಡ್ಡಮ್ಮ